ಸಣ್ಣಗಿದ್ದವಳಿಗೆ ಶುಗರ್ ಎಲ್ಲಿಂದ ಬಂತು?

ಬಸುರಿಯಾಗಿದ್ದಾಗ ನನಗೆ ಶುಗರ್ ಬಂದಿತ್ತು ಅಂದರೆ ಜನ ಮೊದಲು ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡುತ್ತಾರೆ. ಆಮೇಲೆ ಬರುವ ಮಾತು ಒಂದೇ: ‘ನಿನಗಾ? ಇಷ್ಟು ಸಣ್ಣಗಿದ್ದೀಯಲ್ಲೇ!’ ಆಫೀಸಿನಲ್ಲಿ ಪಕ್ಕದ ಸೀಟಿನವಳು ಹಾಗೇ ಅಂದಳು. ಅಪಾರ್ಟ್‌ಮೆಂಟಿನ ಆಂಟಿಯರೂ ಅದನ್ನೇ ಹೇಳಿದರು. ಅತ್ತೆಯಂತೂ, ‘ರಿಪೋರ್ಟು ಅದಲು ಬದಲಾಗಿರಬೇಕು ಕಣಮ್ಮ, ಇನ್ನೊಂದು ಕಡೆ ತೋರಿಸೋಣ’ ಎಂದು ಮಗನನ್ನು ಹೊರಡಿಸಿಯೇ ಬಿಟ್ಟಿದ್ದರು.

ಆಗ ನನಗೆ 31 ವರ್ಷ. ಎತ್ತರ 158 ಸೆಂ.ಮೀ., ಗರ್ಭಿಣಿಯಾಗುವ ಮುಂಚಿನ ತೂಕ 54 ಕೆ.ಜಿ. ಬಿಎಂಐ ಲೆಕ್ಕ ಹಾಕಿದರೆ 21.6. ಭಾರತೀಯರಿಗೆ ಅದು 23 ಮುಟ್ಟಿದರೆ ತೂಕ ಹೆಚ್ಚು, 25 ಮುಟ್ಟಿದರೆ ಬೊಜ್ಜು ಅಂತ ನಮ್ಮ ವೈದ್ಯರು ಗೆರೆ ಎಳೆದಿದ್ದಾರೆ. ಆ ಎರಡು ಗೆರೆಗಳಿಂದಲೂ ನಾನು ಆರಾಮಾಗಿ ಕೆಳಗಿದ್ದೆ. ಮೊದಲು ಹೋಗುತ್ತಿದ್ದ ಕ್ಲಿನಿಕ್ಕಿನಲ್ಲಿ ಗ್ಲೂಕೋಸ್ ಟೆಸ್ಟ್ ಬಗ್ಗೆ ನಾನಾಗಿಯೇ ಕೇಳಿದ್ದೆ. ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆ ಎಂದೂ ಹೇಳಿದ್ದೆ. ‘ಮೇಡಂ, ನೀವು ಸ್ಲಿಮ್ ಇದ್ದೀರ. ನಿಮಗ್ಯಾಕೆ ಅದೆಲ್ಲ?’ ಎಂದು ನಕ್ಕು ಕಳಿಸಿದರು. ಮನೆ ಬದಲಾಯಿಸಿ ಬೇರೆ ಆಸ್ಪತ್ರೆಗೆ ಹೋದಾಗ 26ನೇ ವಾರ. ಅಲ್ಲಿನ ಡಾಕ್ಟರು ನನ್ನ ಗಾತ್ರವನ್ನೇ ನೋಡಲಿಲ್ಲ, ಸೀದಾ ಗ್ಲೂಕೋಸ್ ನೀರು ಕುಡಿಸಿದರು. ಎರಡು ಗಂಟೆಯ ಮೇಲೆ ರಕ್ತದಲ್ಲಿ ಸಕ್ಕರೆ 158. ಇರಬೇಕಾದದ್ದು 140ಕ್ಕಿಂತ ಕಡಿಮೆ.

ಇದನ್ನೆಲ್ಲ ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ನನ್ನ ಹಾಗೆ ‘ಸ್ಲಿಮ್’ ಎನಿಸಿಕೊಂಡು ಮೊಬೈಲಿನಲ್ಲಿ ಇದನ್ನು ಓದುತ್ತಿರುವವರು ನಿಮ್ಮಲ್ಲಿ ಬಹಳ ಜನ ಇದ್ದೀರಿ. ತಕ್ಕಡಿ ಹೇಳುವುದು ಒಟ್ಟು ಭಾರವನ್ನು ಮಾತ್ರ. ಅದರಲ್ಲಿ ಕೊಬ್ಬೆಷ್ಟು, ಸ್ನಾಯುವೆಷ್ಟು, ಆ ಕೊಬ್ಬು ಕೂತಿರುವುದೆಲ್ಲಿ ಎಂಬುದು ಅದಕ್ಕೆ ಗೊತ್ತಿಲ್ಲ. ಗರ್ಭಿಣಿಯ ಶುಗರ್‌ಗೆ ಬೇಕಾದದ್ದು ಆ ಲೆಕ್ಕವೇ.

ಟೈಲರ್ ಪುಸ್ತಕದಲ್ಲಿದ್ದ ಗುಟ್ಟು

ನನ್ನ ಮದುವೆಯಿಂದ ಇಲ್ಲಿಯ ತನಕ ಬಟ್ಟೆ ಹೊಲಿಯುತ್ತಿರುವವರು ಒಬ್ಬರೇ ಟೈಲರ್. ಅವರ ಹತ್ತಿರ ಒಂದು ಉದ್ದನೆಯ ಪುಸ್ತಕ ಇದೆ, ಪ್ರತಿ ಗಿರಾಕಿಗೂ ಒಂದು ಪುಟ. ನನ್ನ ಪುಟದಲ್ಲಿ ಮದುವೆ ವರ್ಷದ ಸೊಂಟದ ಅಳತೆ 28 ಇಂಚು. ಐದು ವರ್ಷದ ಮೇಲೆ, ಗರ್ಭಿಣಿಯಾಗುವುದಕ್ಕೆ ಕೆಲವೇ ತಿಂಗಳ ಮುಂಚೆ, 33. ಅದೇ ಅವಧಿಯಲ್ಲಿ ತೂಕ ಏರಿದ್ದು ಬರೀ ಮೂರು ಕೆ.ಜಿ. ತೋಳಿನ ಸುತ್ತಳತೆ ಅರ್ಧ ಇಂಚು ಕಡಿಮೆಯೇ ಆಗಿತ್ತು!

ಡಯಾಬಿಟಿಸ್ ಕೌನ್ಸೆಲರ್ ಹತ್ತಿರ ಈ ಲೆಕ್ಕ ಹೇಳಿದಾಗ ಅವರು, ‘ಸ್ಕ್ಯಾನ್‌ಗಿಂತ ಚೆನ್ನಾಗಿದೆ ರೀ ನಿಮ್ಮ ಟೈಲರ್ ಪುಸ್ತಕ’ ಅಂದರು. ಕೂತು ಮಾಡುವ ಕೆಲಸದಲ್ಲಿ ಕೈಕಾಲಿನ ಸ್ನಾಯು ಮೆಲ್ಲಗೆ ಕರಗುತ್ತದೆ, ಹೊಟ್ಟೆಯಲ್ಲಿ ಕೊಬ್ಬು ಸೇರುತ್ತದೆ. ಒಂದು ಇಳಿದು ಇನ್ನೊಂದು ಏರುವುದರಿಂದ ತಕ್ಕಡಿಯ ಮುಳ್ಳು ಹೆಚ್ಚು ಅಲ್ಲಾಡುವುದಿಲ್ಲ. ಭಾರತೀಯ ಹೆಂಗಸರಿಗೆ ಸೊಂಟದ ಸುತ್ತಳತೆ 80 ಸೆಂ.ಮೀ., ಅಂದರೆ ಸುಮಾರು ಮೂವತ್ತೊಂದೂವರೆ ಇಂಚು, ಮೀರಬಾರದು ಎನ್ನುತ್ತಾರೆ. ಟೈಲರ್ ಹಿಡಿಯುವ ಜಾಗಕ್ಕೂ ಡಾಕ್ಟರು ಹಿಡಿಯುವ ಜಾಗಕ್ಕೂ ಸ್ವಲ್ಪ ವ್ಯತ್ಯಾಸ ಇದೆ. ಡಾಕ್ಟರು ಅಳೆಯುವುದು ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟ ಮೇಲೆ. ಹೊಟ್ಟೆ ಒಳಗೆ ಎಳೆದುಕೊಂಡು ಅಳೆದರೆ ಮೋಸ ಹೋಗುವವರು ನಾವೇ. (ಗರ್ಭಿಣಿಯಾದ ಮೇಲೆ ಈ ಅಳತೆಗೆ ಅರ್ಥವಿಲ್ಲ, ಮುಂಚೆಯೇ ನೋಡಿಕೊಳ್ಳಬೇಕು.)

ಕೊಬ್ಬು ಅಂದರೆ ಎಲ್ಲವೂ ಕೆಟ್ಟದ್ದಲ್ಲ. ಚರ್ಮದ ಕೆಳಗೆ, ತೊಡೆ ಸೊಂಟಗಳ ಮೇಲೆ ಇರುವುದು ಹೆಚ್ಚು ಕಡಿಮೆ ಉಗ್ರಾಣ ಇದ್ದ ಹಾಗೆ. ಮಿಕ್ಕ ಶಕ್ತಿಯನ್ನು ತುಂಬಿಟ್ಟುಕೊಂಡು ತನ್ನ ಪಾಡಿಗೆ ತಾನಿರುತ್ತದೆ. ಆ ಉಗ್ರಾಣ ತುಂಬಿತು ಅಂದುಕೊಳ್ಳಿ. ಆಗ ಕೊಬ್ಬು ಸೇರಬಾರದ ಕಡೆ ಸೇರುತ್ತದೆ: ಹೊಟ್ಟೆಯೊಳಗೆ ಕರುಳಿನ ಸುತ್ತ, ಲಿವರ್‌ನಲ್ಲಿ, ಸ್ನಾಯುಗಳ ಒಳಗೆ. ಅಲ್ಲಿ ಕೂತ ಕೊಬ್ಬು ಸುಮ್ಮನಿರುವುದಿಲ್ಲ. ಅದರಿಂದ ಹೊರಬರುವ ಕೊಬ್ಬಿನಾಮ್ಲಗಳು, ಉರಿಯೂತ ಎಬ್ಬಿಸುವ ರಾಸಾಯನಿಕಗಳು ಇನ್ಸುಲಿನ್‌ನ ಕೆಲಸಕ್ಕೆ ಅಡ್ಡ ಬರುತ್ತವೆ. ಹೊರಗೆ ಕಾಣುವುದು ಸ್ವಲ್ಪವೇ ಉಬ್ಬಿದ ಹೊಟ್ಟೆ, ಅಷ್ಟೇ. ಗರ್ಭಿಣಿಯರ ಮೊದಲ ಮೂರು ತಿಂಗಳ ಸ್ಕ್ಯಾನ್ ಹೊತ್ತಿನಲ್ಲೇ ಈ ಒಳಕೊಬ್ಬಿನ ದಪ್ಪ ಅಳೆದು ನೋಡಿದ ಅಧ್ಯಯನಗಳಿವೆ. ಅದು ಹೆಚ್ಚಿದ್ದವರಿಗೆ ಮುಂದೆ ಶುಗರ್ ಬರುವ ಸಾಧ್ಯತೆಯೂ ಹೆಚ್ಚು ಕಂಡಿತು, ಬಿಎಂಐ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ.

ನಮ್ಮವರ ಉಗ್ರಾಣ ಚಿಕ್ಕದು ಎಂಬುದಕ್ಕೆ ಡಾಕ್ಟರುಗಳೇ ತಮ್ಮ ಮೈಯನ್ನು ಸಾಕ್ಷಿಗೆ ಒಡ್ಡಿದ ಒಂದು ಪ್ರಸಂಗ ಇದೆ. 2004ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರ ಚಿತ್ರ ಬಂತು. ಒಬ್ಬರು ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಡಾ. ಜಾನ್ ಯುಡ್ಕಿನ್. ಇಬ್ಬರ ಬಿಎಂಐ ಕೂಡ 22.3. ಆದರೆ ಯಂತ್ರದಲ್ಲಿ ಅಳೆದಾಗ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2. ಯಾಜ್ಞಿಕ್ ತಂಡ ಅದಕ್ಕೂ ಮುಂಚೆ ಪುಣೆ ಸುತ್ತಲಿನ ಹಳ್ಳಿಗಳ ನವಜಾತ ಶಿಶುಗಳನ್ನು ಇಂಗ್ಲೆಂಡಿನ ಸೌತಾಂಪ್ಟನ್ ಶಿಶುಗಳ ಜೊತೆ ಹೋಲಿಸಿತ್ತು. ನಮ್ಮ ಮಕ್ಕಳ ಸರಾಸರಿ ತೂಕ 2.7 ಕೆ.ಜಿ., ಅವರದ್ದು 3.5. ಸ್ನಾಯು, ಉದ್ದ ಎಲ್ಲದರಲ್ಲೂ ನಮ್ಮವು ಹಿಂದೆ. ಬೆನ್ನಿನ ಮೇಲಿನ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆ ಇರಲಿಲ್ಲ. ಅಂದರೆ ಕೈಕಾಲು ಸಣ್ಣ, ಒಳಗೆ ಕೊಬ್ಬು ಎನ್ನುವ ನಮ್ಮ ಮೈಕಟ್ಟು ಹುಟ್ಟುವಾಗಲೇ ಶುರುವಾಗಿರುತ್ತದೆ.

ಒಂದು ಮಾತು ಮರೆಯಬಾರದು. ದಪ್ಪಗಿದ್ದವರಿಗೆ ಅಪಾಯ ಇಲ್ಲ ಅಂತ ನಾನು ಹೇಳುತ್ತಿಲ್ಲ. ತೂಕ ಏರಿದಷ್ಟೂ ಗರ್ಭಿಣಿಯ ಶುಗರ್ ಅಪಾಯ ಏರುತ್ತದೆ, ಅದು ನಿಜವೇ. ಆದರೆ ನನ್ನ ಜೊತೆ ಅದೇ ವಾರ ಟೆಸ್ಟ್ ಮಾಡಿಸಿಕೊಂಡ 74 ಕೆ.ಜಿ.ಯ ಸಹೋದ್ಯೋಗಿಗೆ ಎಲ್ಲ ನಾರ್ಮಲ್ ಬಂತು. ಅವಳನ್ನು ಎಲ್ಲರೂ ಮುಂಚೆಯಿಂದಲೇ ಹೆದರಿಸಿಟ್ಟಿದ್ದರು, ನನ್ನನ್ನು ಯಾರೂ ಹೆದರಿಸಿರಲಿಲ್ಲ.

ಮಾಸು ಮಾಡುವ ಕಿತಾಪತಿ

ಸರಿ, ಒಳಕೊಬ್ಬು ಮುಂಚೆಯೂ ಇತ್ತಲ್ಲ, ಬಸುರಿಯಾದಾಗಲೇ ಯಾಕೆ ಶುಗರ್ ಬಂತು? ಮಗುವಿಗೆ ಊಟ ತಲುಪಿಸುವುದು ಮಾಸು, ಡಾಕ್ಟರು ಪ್ಲಾಸೆಂಟಾ ಎನ್ನುತ್ತಾರಲ್ಲ, ಅದು. ಅರ್ಧ ಗರ್ಭ ಕಳೆದ ಮೇಲೆ ಅದು ಸುರಿಸುವ ಹಾರ್ಮೋನುಗಳು ತಾಯಿಯ ಇನ್ಸುಲಿನ್ ಅಷ್ಟಾಗಿ ನಾಟದಂತೆ ಮಾಡುತ್ತವೆ. ತಾಯಿಯೇ ಎಲ್ಲ ಸಕ್ಕರೆ ಬಳಸಿಬಿಟ್ಟರೆ ಮಗುವಿಗೇನು ಉಳಿಯಬೇಕು ಎಂಬುದು ಅದರ ಲೆಕ್ಕ. ಇದು ಎಲ್ಲ ಗರ್ಭಿಣಿಯರಲ್ಲೂ ಆಗುತ್ತದೆ. ಮೇದೋಜ್ಜೀರಕ ಗ್ರಂಥಿ ಎರಡು ಮೂರು ಪಟ್ಟು ಇನ್ಸುಲಿನ್ ಹೆಚ್ಚಿಗೆ ಮಾಡಿ ಹೇಗೋ ಸರಿದೂಗಿಸುತ್ತದೆ. ಮುಂಚೆಯೇ ಒಳಕೊಬ್ಬಿನ ಜೊತೆ ಗುದ್ದಾಡುತ್ತಿದ್ದವರಲ್ಲಿ ಗ್ರಂಥಿಗೆ ಅಷ್ಟು ಓವರ್‌ಟೈಮ್ ಮಾಡಲು ಆಗುವುದಿಲ್ಲ. ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ.

ತಾಯಿಯ ಸಕ್ಕರೆ ಮಾಸನ್ನು ದಾಟಿ ಮಗುವಿಗೆ ಹೋಗುತ್ತದೆ, ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಹಾಗಾಗಿ ಮಗು ತನ್ನದೇ ಇನ್ಸುಲಿನ್ ತಯಾರಿಸಿ ಅಷ್ಟೂ ಸಕ್ಕರೆಯನ್ನು ಮೈಗೆ ತುಂಬಿಕೊಳ್ಳುತ್ತದೆ. ಕೊಪನ್‌ಹೇಗನ್ನಿನ ಯೋರ್ಗನ್ ಪೆಡರ್ಸನ್ ಎಂಬ ವೈದ್ಯರು ಇದನ್ನು 1950ರ ದಶಕದಲ್ಲೇ ವಿವರಿಸಿದ್ದರು. ಮಗು ಕೊಬ್ಬು ತುಂಬಿಕೊಂಡು ಬೆಳೆದರೆ ಹೆರಿಗೆ ಕಷ್ಟ. ಹುಟ್ಟಿದ ಮೇಲೆ ತಾಯಿಯ ಸಕ್ಕರೆ ನಿಂತರೂ ಮಗುವಿನ ಇನ್ಸುಲಿನ್ ಓಡುತ್ತಲೇ ಇರುತ್ತದೆ, ಅದರ ಸಕ್ಕರೆ ಇದ್ದಕ್ಕಿದ್ದಂತೆ ಇಳಿಯುತ್ತದೆ. ನನ್ನ ಮಗಳ ಹಿಮ್ಮಡಿ ಚುಚ್ಚಿ ಚುಚ್ಚಿ ಶುಗರ್ ನೋಡುತ್ತಿದ್ದಾಗ ಅಮ್ಮ ಬೇರೆ ಕಡೆ ಮುಖ ತಿರುಗಿಸಿಕೊಂಡು ಕೂತಿದ್ದರು. ಯಾಕೆ ಚುಚ್ಚುತ್ತಾರೆ ಎಂದು ಮೊದಲೇ ಗೊತ್ತಿದ್ದರೆ ಅಷ್ಟು ಗಾಬರಿಯಾಗುವುದಿಲ್ಲ.

‘18 ಪಾಯಿಂಟ್ ತಾನೇ ಜಾಸ್ತಿ, ಬಾರ್ಡರ್ ಬಿಡು’ ಎಂದು ಗಂಡ ಸಮಾಧಾನ ಹೇಳಿದ್ದ. ಒಂಬತ್ತು ದೇಶಗಳ ಸುಮಾರು 25 ಸಾವಿರ ಗರ್ಭಿಣಿಯರನ್ನು ನೋಡಿದ ದೊಡ್ಡ ಅಧ್ಯಯನವೊಂದರ ಫಲಿತಾಂಶ 2008ರಲ್ಲಿ ಬಂತು. ಅದರಲ್ಲಿ ಕಂಡದ್ದು, ಇಲ್ಲಿಯ ತನಕ ಸುರಕ್ಷಿತ, ಇಲ್ಲಿಂದಾಚೆ ಅಪಾಯ ಎನ್ನುವ ಗೆರೆಯೇ ಇಲ್ಲ. ತಾಯಿಯ ಸಕ್ಕರೆ ಏರುತ್ತ ಹೋದ ಹಾಗೆ ಮಗುವಿನ ಗಾತ್ರವೂ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಬಾರ್ಡರ್ ಎನ್ನುವುದು ನಾವು ಅನುಕೂಲಕ್ಕೆ ಇಟ್ಟುಕೊಂಡದ್ದು.

ಮೈಸೂರಿನ ಹಳೇ ರಿಜಿಸ್ಟರುಗಳು

ನಮ್ಮದು ಮೈಸೂರು. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಊರಿನವರು ಈಗಲೂ ಮಿಷನ್ ಆಸ್ಪತ್ರೆ ಎಂದೇ ಕರೆಯುವುದು. ಅಮ್ಮ ಹುಟ್ಟಿದ್ದೂ ಅಲ್ಲೇ. ಗರ್ಭಿಣಿಯ ಶುಗರ್ ಬಗ್ಗೆ ಓದುತ್ತ ಹೋದರೆ ಆ ಆಸ್ಪತ್ರೆಯ ಹೆಸರು ಮತ್ತೆ ಮತ್ತೆ ಎದುರಾಗುತ್ತದೆ ಎಂದು ನನಗೂ ಗೊತ್ತಿರಲಿಲ್ಲ.

1934ರಿಂದ ಅಲ್ಲಿ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆ ಸುತ್ತಳತೆ ಬರೆದಿಟ್ಟ ದಾಖಲೆಗಳಿದ್ದವು. 1990ರ ದಶಕದಲ್ಲಿ ಆಸ್ಪತ್ರೆಯ ವೈದ್ಯರು ಮತ್ತು ಸೌತಾಂಪ್ಟನ್ನಿನ ಡಾ. ಕ್ಯಾರೊಲಿನ್ ಫಾಲ್ ಸೇರಿ, ಹಾಗೆ ಹುಟ್ಟಿದ್ದ 506 ಜನರನ್ನು ಹುಡುಕಿ ಸಕ್ಕರೆ ಪರೀಕ್ಷೆ ಮಾಡಿದರು. ಹುಟ್ಟುವಾಗ ಸಣ್ಣಗಿದ್ದವರಿಗೆ ಮುಂದೆ ಸಕ್ಕರೆ ಕಾಯಿಲೆ ಹೆಚ್ಚು ಎಂದು ಇಂಗ್ಲೆಂಡಿನಲ್ಲಿ ಕಂಡಿತ್ತು. ಮೈಸೂರಿನಲ್ಲಿ ಕಂಡದ್ದೇ ಬೇರೆ: ಗಿಡ್ಡಗೆ, ಗುಂಡುಗುಂಡಗೆ ಹುಟ್ಟಿದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಕಾಯಿಲೆ ಹೆಚ್ಚು. ಹಾಗಾದರೆ ಆ ತಾಯಂದಿರಿಗೆ ಗರ್ಭಿಣಿಯಾಗಿದ್ದಾಗಲೇ ಸಕ್ಕರೆ ಏರಿತ್ತೇ? 1930, 40ರ ದಶಕದ ಹೆಂಗಸರಿಗೆ ಗ್ಲೂಕೋಸ್ ಟೆಸ್ಟ್ ಯಾರು ಮಾಡಿದ್ದರು!

ಅದಕ್ಕೆ ಅವರು 1997–98ರಲ್ಲಿ ಅದೇ ಆಸ್ಪತ್ರೆಗೆ ಬರುತ್ತಿದ್ದ ಗರ್ಭಿಣಿಯರಿಗೇ ಪರೀಕ್ಷೆ ಶುರು ಮಾಡಿದರು. 785 ಜನರಲ್ಲಿ 49 ಮಂದಿಗೆ, ಅಂದರೆ ಶೇ 6.2ರಷ್ಟು ಮಂದಿಗೆ, ಗರ್ಭಿಣಿಯ ಶುಗರ್ ಇತ್ತು. ಅವರ ಮಕ್ಕಳು ಹುಟ್ಟುವಾಗ ಹೆಚ್ಚು ತೂಕ, ಹೆಚ್ಚು ಕೊಬ್ಬು ಹೊತ್ತಿದ್ದರು. ಸಂಶೋಧಕರು ಆ ಮಕ್ಕಳನ್ನು ಅಲ್ಲಿಗೇ ಬಿಡಲಿಲ್ಲ, ಡಾ. ಜಿ.ವಿ. ಕೃಷ್ಣವೇಣಿ ಮತ್ತು ತಂಡ ವರ್ಷ ವರ್ಷ ಅಳೆಯುತ್ತ ಬಂತು. ಒಂಬತ್ತೂವರೆ ವರ್ಷದ ಹೊತ್ತಿಗೆ ಶುಗರ್ ಇದ್ದ ತಾಯಂದಿರ ಮಕ್ಕಳಲ್ಲಿ ಕೊಬ್ಬೂ ಹೆಚ್ಚು, ಇನ್ಸುಲಿನ್‌ಗೆ ಮೈ ಬಗ್ಗದಿರುವುದೂ ಹೆಚ್ಚು.

ನಾನು ಹುಟ್ಟಿದಾಗ 3.8 ಕೆ.ಜಿ. ಇದ್ದೆನಂತೆ. ‘ದುಂಡು ಮಲ್ಲಿಗೆ ಹಾಗಿದ್ದೆ, ನೋಡೋಕೆ ಬಂದವರೆಲ್ಲ ದೃಷ್ಟಿ ತೆಗೀರಿ ಅಂತಿದ್ರು’ ಎಂದು ಅಮ್ಮ ಇವತ್ತಿಗೂ ಹೆಮ್ಮೆಯಿಂದ ಹೇಳುತ್ತಾರೆ. ಅಮ್ಮನಿಗೆ ಸಕ್ಕರೆ ಕಾಯಿಲೆ ಎಂದು ತಿಳಿದದ್ದು 42ನೇ ವಯಸ್ಸಿನಲ್ಲಿ. ನನ್ನನ್ನು ಹೊತ್ತಾಗ ಅವರಿಗೆ ಶುಗರ್ ಇತ್ತೋ ಇಲ್ಲವೋ, ಟೆಸ್ಟೇ ಮಾಡಿರಲಿಲ್ಲ. ಮೈಸೂರಿನ ಆ ಸಂಶೋಧನೆ ಓದಿದ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ.

ತಟ್ಟೆಯ ವಿಚಾರ

ಟೆಸ್ಟ್ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಚೆನ್ನೈನ ಡಾ. ವಿ. ಶೇಷಯ್ಯ ಮತ್ತು ಸಂಗಡಿಗರು ನಮ್ಮ ದೇಶಕ್ಕೆ ಹೊಂದುವ ಸರಳ ವಿಧಾನ ತಂದರು, ಸರ್ಕಾರದ ಮಾರ್ಗಸೂಚಿಯೂ ಅದನ್ನೇ ಒಪ್ಪಿದೆ. ಖಾಲಿ ಹೊಟ್ಟೆಯಲ್ಲಿ ಬರಬೇಕಿಲ್ಲ. 75 ಗ್ರಾಂ ಗ್ಲೂಕೋಸನ್ನು ನೀರಲ್ಲಿ ಕರಗಿಸಿ ಕುಡಿಸಿ, ಎರಡು ಗಂಟೆ ಬಿಟ್ಟು ರಕ್ತ ನೋಡುತ್ತಾರೆ. 140 ಅಥವಾ ಮೇಲಿದ್ದರೆ ಶುಗರ್ ಇದೆ ಎಂದರ್ಥ. ಮೊದಲ ಭೇಟಿಯಲ್ಲಿ ಒಮ್ಮೆ, ಆಗ ಸರಿ ಇದ್ದರೆ 24ರಿಂದ 28ನೇ ವಾರದೊಳಗೆ ಇನ್ನೊಮ್ಮೆ. ಇದು ಎಲ್ಲ ಗರ್ಭಿಣಿಯರಿಗೂ, ದಪ್ಪ ಸಣ್ಣ ಎಂಬ ಭೇದವಿಲ್ಲದೆ. ಯಾರಾದರೂ ‘ನಿಮಗೆ ಬೇಡ’ ಅಂದರೆ ‘ಮಾಡಿ’ ಅನ್ನಿ. ಕುಡಿಯುವಾಗ ವಾಕರಿಕೆ ಬರುತ್ತದೆ, ನಿಧಾನವಾಗಿ ಕುಡಿಯಿರಿ. ಅರ್ಧ ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ದಿನ ಮತ್ತೆ ಕುಡಿಯಬೇಕಾಗುತ್ತದೆ.

ಶುಗರ್ ಎಂದು ಗೊತ್ತಾದ ಮೇಲೆ ನನಗೆ ಮೊದಲು ಅನ್ನಿಸಿದ್ದು ಊಟ ಬಿಡಬೇಕೇನೋ ಎಂದು. ಅದು ಖಂಡಿತ ಕೂಡದು. ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ತೂಕ ಇಳಿಸಲು ಹೊರಡಬಾರದು, ಒಳಕೊಬ್ಬಿನ ಲೆಕ್ಕ ಚುಕ್ತಾ ಮಾಡುವ ಕಾಲ ಅದಲ್ಲ. ಬದಲಾದದ್ದು ತಟ್ಟೆಯ ಪಾಲು. ಅನ್ನ ಒಂದು ಸಣ್ಣ ಬಟ್ಟಲಿಗೆ ಇಳಿಯಿತು. ಅದರ ಪಕ್ಕ ಹುರುಳಿಕಾಯಿ ಪಲ್ಯ, ಕೋಸಂಬರಿ, ಮೊಳಕೆ ಹೆಸರುಕಾಳಿನ ಉಸಲಿ, ಮೊಟ್ಟೆ ಏರಿದವು. ‘ರಾಗಿ ತಿನ್ನು, ಶುಗರ್ ಬರಲ್ಲ’ ಎಂಬ ಮಾತನ್ನು ಹತ್ತು ಜನ ಹೇಳಿರಬಹುದು. ಗ್ಲೂಕೋಮೀಟರ್ ಅದನ್ನು ಒಪ್ಪಲಿಲ್ಲ. ಒಂದು ಸಣ್ಣ ಮುದ್ದೆ ಸೊಪ್ಪಿನ ಸಾರಿನ ಜೊತೆ ಚೆನ್ನಾಗಿ ನಡೆಯಿತು. ರಾಗಿ ಗಂಜಿ ಕುಡಿದ ದಿನ ಮಾತ್ರ ಸಂಖ್ಯೆ ಮೇಲಕ್ಕೆ. ಬಿಸಿಬೇಳೆಬಾತಿನಲ್ಲಿ ಬೇಳೆ ತರಕಾರಿ ಹೆಚ್ಚು, ಅಕ್ಕಿ ಕಡಿಮೆ ಹಾಕಿದರೆ ಪರವಾಗಿಲ್ಲ. ಚಿತ್ರಾನ್ನ ನನ್ನ ಪಾಲಿನ ವೈರಿ. ನಿಮ್ಮ ಮೈ ಬೇರೆ ಇರಬಹುದು, ನಿಮ್ಮ ಮೀಟರ್ ಏನು ಹೇಳುತ್ತದೋ ಅದೇ ಸರಿ.

ಎಲ್ಲಕ್ಕಿಂತ ಕೆಲಸ ಮಾಡಿದ್ದು ಊಟದ ಮೇಲಿನ ನಡಿಗೆ. ಆಫೀಸಿನಲ್ಲಿ ಮಧ್ಯಾಹ್ನದ ಊಟ ಆದ ತಕ್ಷಣ ಫೋನ್ ಮೀಟಿಂಗ್ ಕಿವಿಗೆ ಹಾಕಿಕೊಂಡು ಪಾರ್ಕಿಂಗ್ ಸುತ್ತ ಹದಿನೈದು ನಿಮಿಷ ನಡೆಯುತ್ತಿದ್ದೆ. ಕಾಲಿನ ಸ್ನಾಯುಗಳು ದುಡಿಯುವಾಗ ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. (ಡಾಕ್ಟರು ರೆಸ್ಟ್ ಹೇಳಿದ್ದರೆ ಇದೆಲ್ಲ ಬೇಡ, ಅವರನ್ನೇ ಕೇಳಿ.)

ಎರಡು ವಾರ ಹೀಗೆ ಮಾಡಿದರೂ ತಿಂಡಿ ಆದ ಎರಡು ಗಂಟೆಗೆ 130ರ ಮೇಲೇ ಬರುತ್ತಿತ್ತು. 120ರ ಒಳಗೆ ಬರಬೇಕು. ಬೆಳಗಿನ ಹೊತ್ತು ಇನ್ಸುಲಿನ್ ಮಾತು ಕೇಳುವುದೇ ಕಷ್ಟ. ಹಾಗಾಗಿ ಬೆಳಿಗ್ಗೆ ಒಂದು ಹೊತ್ತು ಇನ್ಸುಲಿನ್ ಶುರುವಾಯಿತು. ‘ಅಯ್ಯೋ, ಸೂಜಿ ಹತ್ತಿಸಿಬಿಟ್ಟರಾ’ ಎಂದು ದೊಡ್ಡಮ್ಮ ಊರಿಂದ ಫೋನ್ ಮಾಡಿ ಅತ್ತರು. ಆ ಇನ್ಸುಲಿನ್ ಮಗುವಿಗೆ ದಾಟುವುದಿಲ್ಲ ಎಂದು ನಾನೇ ಅವರನ್ನು ಸಮಾಧಾನ ಮಾಡಬೇಕಾಯಿತು. ಸೀಮಂತದ ದಿನ ಒಬ್ಬೊಬ್ಬರೂ ಬಾಯಿಗಿಡಲು ತಂದ ಸಿಹಿಯನ್ನು ಅತ್ತೆಯೇ ಮುಂದೆ ನಿಂತು, ‘ಶಾಸ್ತ್ರಕ್ಕೆ ಒಂದು ಚೂರು ಸಾಕು, ಡಾಕ್ಟ್ರು ಹೇಳಿದಾರೆ’ ಎಂದು ತಡೆದರು. ಆಗಷ್ಟೇ ನನಗೆ ಈ ಮನೆಯಲ್ಲಿ ಧೈರ್ಯ ಬಂದದ್ದು. 38ನೇ ವಾರ ಮುಗಿದ ಮೇಲೆ ಮಗಳು ಹುಟ್ಟಿದಳು, 2.9 ಕೆ.ಜಿ.

ಬಾಣಂತಿ ಲ್ಯಾಬಿಗೆ ಹೋಗಬಾರದೇ?

ಹೆರಿಗೆಯಾದ ಮೂರನೇ ದಿನ ಸಕ್ಕರೆ ನಾರ್ಮಲ್. ಮಾಸು ಹೊರಗೆ ಬಂದ ಮೇಲೆ ಅದರ ಹಾರ್ಮೋನುಗಳೂ ಹೋಗುತ್ತವೆ. ಮನೆಯವರೆಲ್ಲ ‘ಸದ್ಯ, ಹೋಯ್ತು’ ಎಂದು ನಿಟ್ಟುಸಿರು ಬಿಟ್ಟರು. ನಮ್ಮ ಹೆಣ್ಣುಮಕ್ಕಳು ಹೆಚ್ಚಾಗಿ ತಪ್ಪಿಸಿಕೊಳ್ಳುವ ಟೆಸ್ಟ್ ಬರುವುದು ಇದರ ಮೇಲೆ, ಆರು ವಾರಕ್ಕೆ. ಆ ಹೊತ್ತಿಗೆ ನಾವು ತವರಿನಲ್ಲಿ ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಕೂತಿರುತ್ತೇವೆ. ‘ಮೂರು ತಿಂಗಳು ಗಾಳಿಗೆ ಹೋಗಬಾರದು’ ಎಂದು ಅಮ್ಮ ಬಾಗಿಲಿಗೆ ಅಡ್ಡ ನಿಂತಿದ್ದರು. ಬೆಳಿಗ್ಗೆ ಅಂಟಿನುಂಡೆ, ಅನ್ನಕ್ಕೆ ಸೌಟು ಸೌಟು ತುಪ್ಪ ಬೇರೆ.

ಅಮ್ಮನ ಹತ್ತಿರ ವಾದ ಮಾಡಿ ಗೆಲ್ಲಲು ಆಗುವುದಿಲ್ಲ. ಅವರದ್ದೇ ಶುಗರ್ ಚೆಕಪ್ಪಿಗೆ ಹೊರಟಾಗ ಮಗುವನ್ನು ಎತ್ತಿಕೊಂಡು ಅದೇ ಆಟೋ ಹತ್ತಿದೆ. ಅವತ್ತು ನನ್ನದು ಎರಡು ಗಂಟೆಗೆ 146. ಗರ್ಭಿಣಿ ಅಲ್ಲದವರಲ್ಲಿ 140ರಿಂದ 199 ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ಗರ್ಭಿಣಿಯಾಗಿದ್ದಾಗ ಶುಗರ್ ಬಂದವರಿಗೆ ಮುಂದೆ ಖಾಯಂ ಸಕ್ಕರೆ ಕಾಯಿಲೆ ಬರುವ ಅಪಾಯ, ಬಾರದವರಿಗೆ ಹೋಲಿಸಿದರೆ, ಏಳರಿಂದ ಹತ್ತು ಪಟ್ಟು ಎಂದು ದೊಡ್ಡ ವಿಶ್ಲೇಷಣೆಗಳು ಹೇಳುತ್ತವೆ. ಆ ಟೆಸ್ಟ್ ಮಾಡಿಸದೇ ಇದ್ದಿದ್ದರೆ ನಾನೂ ‘ಹೋಯ್ತು’ ಎಂದುಕೊಂಡೇ ಇರುತ್ತಿದ್ದೆ. ಅಂಟಿನುಂಡೆ ಅಮ್ಮ ಪೂರ್ತಿ ನಿಲ್ಲಿಸಲಿಲ್ಲ, ನಿಂಬೆಹಣ್ಣಿನ ಗಾತ್ರದ್ದು ನೆಲ್ಲಿಕಾಯಿ ಗಾತ್ರಕ್ಕೆ ಬಂತು. ಎದೆಹಾಲು ಕುಡಿಸುವುದೂ ತಾಯಿಯ ಸಕ್ಕರೆಗೆ ಒಳ್ಳೆಯದು ಎಂದಾಗ ಅಮ್ಮನಿಗೆ ಬಹಳ ಖುಷಿಯಾಯಿತು, ಅವರು ಮೊದಲಿಂದ ಹೇಳುತ್ತಿದ್ದದ್ದು ಅದೊಂದೇ ಡಾಕ್ಟರ ಮಾತಿಗೆ ಸರಿಹೊಂದಿದ್ದು!

ಈಗ ಮಗಳಿಗೆ ಹದಿನಾಲ್ಕು ತಿಂಗಳು. ವಾರಕ್ಕೆ ಮೂರು ದಿನ ಬೆಳಿಗ್ಗೆ ಅರ್ಧ ಗಂಟೆ ಡಂಬ್‌ಬೆಲ್ ಎತ್ತುತ್ತೇನೆ, ಬಸ್ಕಿ ಹೊಡೆಯುತ್ತೇನೆ. ಗಂಡ ಆ ಹೊತ್ತಿಗೆ ಮಗುವನ್ನು ನೋಡಿಕೊಳ್ಳುತ್ತಾನೆ, ನೋಡಿಕೊಳ್ಳಲೇಬೇಕು. ತೂಕ 55 ಕೆ.ಜಿ., ಮುಂಚೆಗಿಂತ ಒಂದು ಕೆ.ಜಿ. ಹೆಚ್ಚು. ಸೊಂಟ 31 ಇಂಚು, ಎರಡಿಂಚು ಕಡಿಮೆ. ಆರು ತಿಂಗಳ ಹಿಂದಿನ ಟೆಸ್ಟಿನಲ್ಲಿ 128 ಬಂದಿತ್ತು. ಇನ್ನು ವರ್ಷಕ್ಕೊಮ್ಮೆ ಮಾಡಿಸಬೇಕು, ಎರಡನೇ ಮಗು ಬೇಕೆನ್ನಿಸಿದರೆ ಅದಕ್ಕೆ ಮುಂಚೆಯೂ ಒಮ್ಮೆ.

ತಂಗಿಗೆ ಮದುವೆಯಾಗಿ ಎರಡು ವರ್ಷ. ನನಗಿಂತಲೂ ಸಣ್ಣಗಿದ್ದಾಳೆ, 49 ಕೆ.ಜಿ. ಮುಂದಿನ ವರ್ಷ ಮಗು ಮಾಡಿಕೊಳ್ಳುವ ಆಲೋಚನೆ ಇದೆಯಂತೆ. ಹೋದ ಭಾನುವಾರ ಅವಳ ಸೊಂಟ ಅಳೆದು ನೋಡಿದೆವು: 32 ಇಂಚು. ‘ಟೇಪು ಸರಿಯಿಲ್ಲ ಕಣೇ’ ಅಂದಳು. ಶನಿವಾರ ಬೆಳಿಗ್ಗೆ ಏಳೂವರೆಗೆ ಲ್ಯಾಬಿನಲ್ಲಿ ಇಬ್ಬರ ಹೆಸರಲ್ಲೂ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದೇನೆ.